ಗಿರಿಯಪ್ಪನ ಶ್ರೀಕಾರ

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿರುವ ಶೀಲಾಳ ಮುದ್ರಣದ ಅಂಗಡಿಗೆ ಬಂದವರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಆ ಊರಿನ ಗಾಳಿಗೇ ಖಾರ. ಬಾಗಿಲ ಬಳಿ ಚಾಪೆ ಹಾಸಿಕೊಂಡು ಲಗ್ನಪತ್ರಿಕೆ ಮಡಚುವ ಶೀಲಾಳ ತಾಯಿ ಗುತ್ತೆವ್ವನಿಗೆ ಮಾತ್ರ ಅದೇನೂ ಆಗುವುದಿಲ್ಲ. ಗುತ್ತಲದಿಂದ ಸೊಸೆಯಾಗಿ ಬಂದ ಮೊದಲ ವರ್ಷ ಸೀನಬೇಕಾದಷ್ಟು ಸೀನಿ ಮುಗಿಸಿದ್ದಾಳೆ. ಈಗ ಅವಳ ಮೂಗಿಗೆ ಮೆಣಸಿನಕಾಯಿಯ ಘಾಟಿಗಿಂತ ಹೊಸ ಕಾಗದದ ವಾಸನೆಯೇ ಹೆಚ್ಚು ತಿಳಿಯುತ್ತದೆ.

ಆ ದಿನ ಅಗಡಿಯಿಂದ ಅಜ್ಜಪ್ಪ ಬಂದಿದ್ದ. ಮಾರ್ಕೆಟ್ಟಿಗೆ ಮೆಣಸಿನಕಾಯಿ ತಂದವನು, ಹಾಗೇ ಮೊಮ್ಮಗಳ ಲಗ್ನಪತ್ರಿಕೆಯನ್ನೂ ಮಾಡಿಸಿಕೊಂಡು ಹೋಗೋಣವೆಂದು ಬೆಂಚಿನ ಮೇಲೆ ಕುಳಿತಿದ್ದ. ಗುತ್ತೆವ್ವನ ಗಂಡ ಗಿರಿಯಪ್ಪ ಇದ್ದಾಗಿನಿಂದ ಅವನು ಈ ಅಂಗಡಿಯ ಗಿರಾಕಿ. ಶೀಲಾ ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದಳು. ಪರದೆಯ ನಡುವೆ ಒಂದು ಸಣ್ಣ ಉಂಗುರ ಸುತ್ತುತ್ತಲೇ ಇತ್ತು.

“ಗಾಣದ ಎತ್ತು ಸುತ್ತಿದಂಗ ಸುತ್ತಾಕತ್ತೈತಲ್ಲ ಯವ್ವಾ ಇದು,” ಎಂದ ಅಜ್ಜಪ್ಪ.

“ಗಾಣದ ಎತ್ತು ಎಣ್ಣಿನರ ಕೊಡತೈತ್ರಿ ಕಾಕಾ. ಇದು ಅದನ್ನೂ ಕೊಡವಲ್ದು.”

ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿ ಒಂದು ವಾರವಾಗಿತ್ತು. ಹಳೆಯದಕ್ಕೆ ಇನ್ನು ರಕ್ಷಣೆ ಇಲ್ಲ, ವೈರಸ್ಸು ಹೊಕ್ಕರೆ ಹೇಳುವವರು ಕೇಳುವವರು ಇಲ್ಲ ಎಂದು ಎಲ್ಲರೂ ಹೆದರಿಸಿದ್ದರಿಂದ ಶೀಲಾ ಹೊಸದಕ್ಕೆ ಬದಲಾಯಿಸಿದ್ದಳು. ಅಂದಿನಿಂದ ಅದು ಮೈಗಳ್ಳ ಆಳಿನಂತಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಒಳಗೆ ಹೋಗಿ, ಚಹಾ ಸೋಸಿ, ಕುಡಿದು ಬಂದರೂ ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಪತ್ರಿಕೆ ಮಾಡುವ ಸಾಫ್ಟ್‌ವೇರ್ ತೆರೆದರಂತೂ ಅಲ್ಲೇ ನಿಂತುಬಿಡುತ್ತಿತ್ತು.

“ಬಣ್ಣ ಯಾವದರ ಹಾಕ್ರಿ, ಗಣಪ್ಪನ ಚಿತ್ರ ಎಂಥಾದರ ಇರ್ಲಿ,” ಎಂದ ಅಜ್ಜಪ್ಪ. “ಮ್ಯಾಲಿನ ಶ್ರೀ ಮಾತ್ರ ನನ್ನ ಲಗ್ನಪತ್ರಿಕ್ಯಾಗ ಇದ್ದದ್ದ ಬೇಕು. ಗಿರಿಯಪ್ಪಂದು.”

ಶೀಲಾ ತಾಯಿಯ ಕಡೆ ನೋಡಿದಳು, ಮತ್ತೆ ಉಂಗುರದ ಕಡೆ ನೋಡಿದಳು. ಗುತ್ತೆವ್ವನ ಬೆರಳು ಮಡಿಕೆಯ ಮೇಲೆ ನಿಂತಿತು. ಮಗಳು ಹಾಗೆ ನೋಡಿದರೆ ಏನೋ ಮುರಿದಿದೆ ಎಂದೇ ಅರ್ಥ.

“ಏನಾತು ಹೇಳವಾ.”

“ಯವ್ವ, ಸಿಟ್ಟಾಗಬ್ಯಾಡ. ಅಪ್ಪನ ಅಕ್ಷರ ಹೋಗ್ಯಾವ.”

ಗಿರಿಯಪ್ಪನ ಪ್ರೆಸ್ಸು ಇದೇ ಜಾಗದಲ್ಲಿತ್ತು. ಕಾಲಿನಿಂದ ತುಳಿಯುವ ಯಂತ್ರ, ಗೋಡೆಯುದ್ದಕ್ಕೂ ಸೀಸದ ಅಚ್ಚುಮೊಳೆಗಳ ಕೇಸುಗಳು. ಕೇಸಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆ. ಗುತ್ತೆವ್ವ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಓದು ಬರಹವೆಲ್ಲ ಅವಳಿಗೆ ಬಂದದ್ದು ಆ ಖಾನೆಗಳಿಂದ, ಅದೂ ತಿರುಗುಮುರುಗಾಗಿ. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದಲ್ಲ. ಗೋಡೆಯ ಕ್ಯಾಲೆಂಡರಿಗಿಂತ ಕೈಯಲ್ಲಿ ಜೋಡಿಸಿದ ಮೊಳೆಯ ಸಾಲನ್ನೇ ಅವಳು ಬೇಗ ಓದುತ್ತಿದ್ದಳು. ಗಿರಿಯಪ್ಪ ನಗುತ್ತಿದ್ದ. ಪ್ರತಿ ಪತ್ರಿಕೆಯ ಕೆಳಗೆ ಸಣ್ಣಕ್ಷರದಲ್ಲಿ ‘ಮುದ್ರಕರು: ಗಿರಿಯಪ್ಪ, ಬ್ಯಾಡಗಿ’ ಎಂಬ ಸಾಲು ಇರಲೇಬೇಕು. ಮದುವೆಯಲ್ಲಿ ಪ್ರಾಸ ಕಟ್ಟಿ ಒಡಪು ಹಾಕಿ ಹೇಳಿದ್ದೊಂದು ಬಿಟ್ಟರೆ ಆ ಹೆಸರನ್ನು ಗುತ್ತೆವ್ವ ಬಾಯಿಂದ ಹೇಳಿದವಳಲ್ಲ. ಬೆರಳಿನಿಂದ ಮಾತ್ರ ದಿನಕ್ಕೊಮ್ಮೆಯಾದರೂ ಜೋಡಿಸುತ್ತಿದ್ದಳು.

ಕೊಂಡು ತರಿಸಿದ ಮೊಳೆಗಳಲ್ಲಿ ಶ್ರೀಕಾರ ಮಾತ್ರ ಗಿರಿಯಪ್ಪನಿಗೆ ಒಗ್ಗಲಿಲ್ಲ. “ಇದು ಶ್ರೀ ಅಲ್ಲ, ಚಳಿಗೆ ಮುದುಡಿದ ಬೆಕ್ಕು,” ಎಂದು, ಸಾಗವಾನಿಯ ತುಂಡಿನಲ್ಲಿ ತಾನೇ ಒಂದು ಕೆತ್ತಿದ. ಮೇಲಿನ ಸುರುಳಿ ಆನೆ ಸೊಂಡಿಲೆತ್ತಿದಂತಿತ್ತು. ಸುತ್ತಲ ಹಳ್ಳಿಗಳಲ್ಲಿ ಆ ಶ್ರೀ ಇಲ್ಲದ ಪತ್ರಿಕೆಯನ್ನು ದೇವರ ಮುಂದೆ ಇಡಲು ಹಿರಿಯರು ಒಪ್ಪುತ್ತಿರಲಿಲ್ಲ.

ಆಮೇಲೆ ಕಂಪ್ಯೂಟರು ಬಂತು. ಯಂತ್ರವನ್ನು ಗುಜರಿಯವರು ಎತ್ತಿಕೊಂಡು ಹೋದ ದಿನ, ಚೌಕಟ್ಟಿನಲ್ಲಿ ಸಿಕ್ಕಿಸಿದ್ದ ಸಾಗವಾನಿಯ ಶ್ರೀ ಅದರ ಜೊತೆಗೇ ಗಾಡಿ ಹತ್ತಿತು. ಗಾಡಿ ರೈಲ್ವೆ ಗೇಟು ದಾಟಿದ ಮೇಲೆ ಗುತ್ತೆವ್ವನಿಗೆ ನೆನಪಾಯಿತು. ಗಿರಿಯಪ್ಪ ಬೈಯಲಿಲ್ಲ. ಬಿದಿರಿನ ಲೆಕ್ಕಣಿಕೆ ಕೆತ್ತಿಕೊಂಡು ಹಾಳೆಯ ಮೇಲೆ ಆ ಶ್ರೀಯನ್ನೂ ಅದಕ್ಕೆ ಹೊಂದುವ ಅಕ್ಷರಮಾಲೆಯನ್ನೂ ಬರೆದು ಕೊಟ್ಟ. ರಾಣೇಬೆನ್ನೂರಿನ ಒಬ್ಬಾತ ಅದನ್ನು ಕಂಪ್ಯೂಟರಿಗೆ ಏರಿಸಿ, ಫಾಂಟ್ ಮಾಡಿದ. ಹಾಳೆಗಳನ್ನು ಗೆದ್ದಲು ತಿಂದಿತು. ಗಿರಿಯಪ್ಪನೂ ಹೋದ. ಅವನ ಕೈಬರಹ ಎಂದು ಉಳಿದದ್ದು ಆ ಫಾಂಟ್ ಒಂದೇ.

ಶೀಲಾ ಹೇಳಿದ್ದಿಷ್ಟು. ಅವಳು ಎಂದೋ ಮಾಡಿಟ್ಟ ಪತ್ರಿಕೆಯ ನಮೂನೆಯೊಂದರಲ್ಲಿ ಆ ಶ್ರೀ ಇತ್ತು. ಪ್ರತಿಸಲ ಅದನ್ನೇ ತೆರೆದು ಹೆಸರು ಬದಲಿಸುತ್ತಿದ್ದಳು. ಹೊಸ ಸಿಸ್ಟಂ ಹಾಕಿದ ಮೇಲೆ ತೆರೆದಾಗ, ಈ ಫಾಂಟ್ ಇಲ್ಲ ಎಂದು ಒಂದು ಸೂಚನೆ ಬಂತು. ಗಿರಾಕಿಗಳ ಗದ್ದಲದಲ್ಲಿ ಓದದೆ ‘ಸರಿ’ ಒತ್ತಿ, ಸೇವ್ ಮಾಡಿಬಿಟ್ಟಳು. ಆನೆ ಸೊಂಡಿಲು ಹೋಗಿ ಅದೇ ಚಳಿಗೆ ಮುದುಡಿದ ಬೆಕ್ಕು ಬಂದು ಕುಳಿತಿತು. ಫಾಂಟಿನ ಹೆಸರೇನೆಂದು ಅವಳಿಗೆ ಎಂದೂ ಗೊತ್ತಿರಲಿಲ್ಲ. ಮಾಡಿದಾತ ಈಗ ಇಲ್ಲ.

ಗುತ್ತೆವ್ವ ಮಡಚಿದ್ದ ಪತ್ರಿಕೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ರೈಲ್ವೆ ಗೇಟು ದಾಟುತ್ತಿದ್ದ ಗಾಡಿ ಅವಳ ಕಣ್ಣ ಮುಂದೆ ಬಂತು.

ಮಧ್ಯಾಹ್ನ ರಾಣೇಬೆನ್ನೂರಿನಿಂದ ಅಸ್ಲಮ್ ಬಂದ. ಕಂಪ್ಯೂಟರ್ ರಿಪೇರಿಯಲ್ಲಿ ಪಳಗಿದವನು, ಶೀಲಾಳೇ ಫೋನ್ ಮಾಡಿ ಕರೆಸಿದ್ದಳು. ಬಂದವನೇ ಎರಡು ಸಲ ಸೀನಿ ಕುರ್ಚಿ ಎಳೆದುಕೊಂಡ.

“ಫಾರ್ಮ್ಯಾಟ್ ಹೊಡದು ಹೊಸದಾಗಿ ಹಾಕಿಬಿಡ್ಲೇನ್ರಿ ಅಕ್ಕಾರ?”

“ಹಂಗಂದ್ರ?” ಎಂದಳು ಗುತ್ತೆವ್ವ.

“ಎಲ್ಲಾ ಅಳಿಸಿ ಸ್ವಚ್ಛ ಮಾಡೂದ್ರಿ ಅಮ್ಮಾರ.”

“ಅಳಸೂ ಮಾತು ಬ್ಯಾಡ ತಮ್ಮಾ. ಒಂದು ಹುಡುಕೂದೈತಿ. ಅದು ಸಿಗೂತನಕ ಇದರಾಗಿನ ಕಸಾನೂ ಹೊರಗ ಹೋಗಂಗಿಲ್ಲ.”

ಅಸ್ಲಮ್ ನಕ್ಕು ಕೆಲಸಕ್ಕೆ ಕೂತ. ಮೊದಲು ಡಬ್ಬಿ ಬಿಚ್ಚಿ ಬ್ಲೋವರ್ ಹಿಡಿದ. ಫ್ಯಾನಿನ ಸಂದಿಯಿಂದ ಕೆಂಪು ಧೂಳು ಎದ್ದಿತು, ಅಂಗಡಿಯಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡು ರಸ್ತೆಗೆ ಓಡಿದರು. “ಇದನ್ನ ಪಲ್ಲೆಕ್ಕ ಹಾಕಬಹುದು ನೋಡ್ರಿ,” ಎಂದ ಅಜ್ಜಪ್ಪ, ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡು. ಕಂಪ್ಯೂಟರು ಶುರುವಾಗುವಾಗಲೇ ತಾವಾಗಿ ಏಳುವ, ಯಾರಿಗೂ ಬೇಡದ ಪ್ರೋಗ್ರಾಂಗಳನ್ನು ಅಸ್ಲಮ್ ಬಂದ್ ಮಾಡಿದ. ಸಿಸ್ಟಂ ಬದಲಾಯಿಸಿದಾಗ ಹಳೆಯದರ ಒಂದು ಪ್ರತಿ ಒಳಗೇ ಉಳಿದು ಅರ್ಧ ಜಾಗ ತಿಂದಿತ್ತು. ಅದನ್ನು ತೆಗೆಯುವ ಮೊದಲು ಗುತ್ತೆವ್ವನ ಮುಖ ನೋಡಿ, ತಾನು ತಂದಿದ್ದ ಡಿಸ್ಕಿಗೆ ನಕಲು ಮಾಡಿಕೊಂಡ. ಇಷ್ಟಾದರೂ ಪತ್ರಿಕೆಯ ಸಾಫ್ಟ್‌ವೇರ್ ತೆರೆದಾಗ ಉಂಗುರ ಬಿಡಲಿಲ್ಲ.

ಆಮೇಲೆ ಎಲ್ಲೋ ಒಳಗೆ ಹೋಗಿ ಒಂದು ಫೋಲ್ಡರ್ ತೆರೆದವನು ತಿರುಗಿ ಶೀಲಾಳನ್ನು ನೋಡಿದ.

“ಅಕ್ಕಾರ, ಇಷ್ಟು ಫಾಂಟ್ ಯಾರು ತುಂಬಿದ್ರು?”

ಶೀಲಾ ತಲೆ ತಗ್ಗಿಸಿದಳು. ಅಪ್ಪನ ಅಕ್ಷರ ಎಲ್ಲಾದರೂ ಇದ್ದೀತೆಂದು ಮನೆಯಲ್ಲಿದ್ದ ಸಿ.ಡಿ., ಪೆನ್‌ಡ್ರೈವ್, ಹಳೆಯ ಹಾರ್ಡ್‌ಡಿಸ್ಕುಗಳಲ್ಲಿದ್ದ ಫಾಂಟುಗಳನ್ನೆಲ್ಲ ತಾಯಿಗೆ ಹೇಳದೆ ಒಂದೇ ಸಲಕ್ಕೆ ಹಾಕಿಬಿಟ್ಟಿದ್ದಳು. ಸಾವಿರಾರು. ಪತ್ರಿಕೆಯ ಸಾಫ್ಟ್‌ವೇರ್ ಏಳುವಾಗಲೆಲ್ಲ ಅಷ್ಟನ್ನೂ ಒಂದೊಂದಾಗಿ ಓದಿಕೊಂಡು ಬರಬೇಕಿತ್ತು. ಹುಡುಕಲು ತುಂಬಿದ ರಾಶಿಯೇ ಹುಡುಕಲು ಬಿಡದೆ ಅಡ್ಡ ಕುಳಿತಿತ್ತು.

“ಒಂದು ಮೊಳೀನೂ ಬಿಸಾಡಬಾರದು ಅಂತ ಅಪ್ಪ ಹೇಳ್ತಿದ್ದನಲ್ಲ,” ಎಂದಳು.

“ಬಿಸಾಡಬ್ಯಾಡ ಅಂತಿದ್ರು. ಎಲ್ಲಾ ಕೇಸು ಒಮ್ಮೆಲೆ ಮೇಜಿನ ಮ್ಯಾಲೆ ಸುರುವು ಅಂತ ಎಂದ ಅಂದಿದ್ರು?” ಎಂದಳು ಗುತ್ತೆವ್ವ. ಬೈಗುಳದಲ್ಲೂ ಅವಳ ದನಿ ಮೆತ್ತಗಿತ್ತು. ತನಗೆ ಗೊತ್ತಾಗದಂತೆ ಮಗಳು ಒಬ್ಬಳೇ ಒಂದು ವಾರ ಒದ್ದಾಡಿದ್ದು ಈಗ ತಿಳಿದಿತ್ತು.

ಅಸ್ಲಮ್ ಎಲ್ಲ ಫಾಂಟುಗಳನ್ನೂ ಹೊರಗೆ ತೆಗೆದು, ಹಳೆಯ ಸಿಸ್ಟಂನ ಪ್ರತಿಯಲ್ಲಿದ್ದವನ್ನೂ ಸೇರಿಸಿ, ಬೇರೆ ಕಡೆ ಇಟ್ಟ. ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ, ಅಜ್ಜಪ್ಪ ಎಲೆಗೆ ಸುಣ್ಣ ಹಚ್ಚುವುದರೊಳಗೆ ಎದ್ದು ನಿಂತಿತ್ತು. “ಇನ್ನ ಸ್ವಲ್ಪ ಸ್ವಲ್ಪ ಹಾಕಿ ನೋಡಕೋತ ಹೋಗೂಣ್ರಿ. ನೋಡಾಕ ಏನ್ ಹೊಡೀಲಿ? ಏನರ ಒಂದು ಶಬ್ದ ಹೇಳ್ರಿ ಅಮ್ಮಾರ.”

“ಪತ್ರಿಕಿ ಕೆಳಗ ಇರ್ತಿತ್ತಲ್ಲ, ಅದನ್ನ ಹೊಡಿ.”

“ಏನಿರ್ತಿತ್ರಿ?”

ಗುತ್ತೆವ್ವ ಸೆರಗು ಸರಿಮಾಡಿಕೊಂಡಳು. ಶೀಲಾ ನಕ್ಕಳು. “ಅಪ್ಪನ ಹೆಸರ ಹೊಡೀರಿ ಅಸ್ಲಮ್‌ಭಾಯಿ. ಆಕಿ ಹೇಳಂಗಿಲ್ಲ.”

ಗಿರಿಯಪ್ಪ ಎಂಬ ಹೆಸರು ಪರದೆಯ ಮೇಲೆ ಸಾಲುಸಾಲಾಗಿ ಇಳಿಯತೊಡಗಿತು. ದಪ್ಪ ಗಿರಿಯಪ್ಪ, ಸಣಕಲು ಗಿರಿಯಪ್ಪ, ಬಳ್ಳಿ ಹಬ್ಬಿದ ಗಿರಿಯಪ್ಪ. ಕೆಲವು ಕಡೆ ಹೆಸರೇ ಬಾರದೆ ಬರಿ ಚೌಕಗಳು. ಗುತ್ತೆವ್ವ ಸ್ಟೂಲು ಎಳೆದುಕೊಂಡು ಮೂಗು ಪರದೆಗೆ ತಾಗುವಂತೆ ಕುಳಿತಳು. ಒಂದು ಜೀವಮಾನದಲ್ಲಿ ಬಾಯಿಂದ ಹೇಳದ ಹೆಸರು ಇಷ್ಟು ಬಗೆಯಲ್ಲಿ ಕಣ್ಣ ಮುಂದೆ ಹಾದುಹೋಗುವಾಗ ಅವಳಿಗೆ ನಾಚಿಕೆಯಾಯಿತು, ಆದರೆ ಕಣ್ಣು ಕೀಳಲಿಲ್ಲ.

“ಇದ, ಇದ ನೋಡು ಯವ್ವ.”

ಶೀಲಾ ದೊಡ್ಡದು ಮಾಡಿಸಿ ತೋರಿಸಿದಳು. ಗುತ್ತೆವ್ವ ತಲೆಯಾಡಿಸಿದಳು. “ಅಲ್ಲ. ಇದು ಭಾಳ ನೆಟ್ಟಗ ಐತಿ. ಅವರು ಇಷ್ಟು ನೆಟ್ಟಗ ಎಂದ ಇದ್ರು?”

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಅಜ್ಜಪ್ಪನ ಊರಿನ ಬಸ್ಸು ಹೋಯಿತು. ಅವನು ಏಳಲಿಲ್ಲ. ಚಹಾ ಬಂತು, ಆರಿತು. ಉಳಿದ ರಾಶಿ ಚಿಕ್ಕದಾಗುತ್ತ ಬಂದಂತೆ ಗುತ್ತೆವ್ವ ಮಾತು ಕಡಿಮೆ ಮಾಡಿದಳು. ಶೀಲಾ ತಾಯಿಯ ಕಡೆ ನೋಡುವುದನ್ನೇ ಬಿಟ್ಟಳು.

“ನಿಲ್ಲಸು.”

ಅಸ್ಲಮ್ ಕೈ ತೆಗೆದ.

“ಕೆಳಗಿನ ಒತ್ತು ನೋಡು,” ಎಂದಳು ಗುತ್ತೆವ್ವ. ಆ ಪಕಾರದ ಒತ್ತು ಮೇಲಿನ ಅಕ್ಷರದ ಬಗಲಿಗೆ ಅಂಟಿಕೊಂಡಿತ್ತು, ಕೂಸು ತಾಯಿಯ ಸೊಂಟಕ್ಕೆ ಅಂಟಿದಂತೆ. ಗಿರಿಯಪ್ಪ ಹಾಗೇ ಬರೆಯುತ್ತಿದ್ದ. ಅವಳು ಬೆರಳು ಚಾಚಿ ಗಾಜಿನ ಮೇಲೆ ಆ ಒತ್ತನ್ನು ಮುಟ್ಟಿದಳು. “ಶ್ರೀ ಹೊಡಿ ತಮ್ಮಾ.”

ಪರದೆಯ ತುಂಬ ಆನೆ ಸೊಂಡಿಲೆತ್ತಿತು.

ಶೀಲಾ ಮೂಗೊರೆಸಿಕೊಂಡು, ಮೆಣಸಿನಕಾಯಿ ಘಾಟು ಎಂದಳು. ಅಸ್ಲಮ್ ಫಾಂಟಿನ ಹೆಸರು ಓದಿದ. ಮಾಡಿದಾತ ಏನು ಯೋಚಿಸಿದ್ದನೋ, ‘ಸಿಮ್ರಾನ’ ಎಂದು ಯಾವುದೋ ಹುಡುಗಿಯ ಹೆಸರು ಇಟ್ಟಿದ್ದ.

“ವೈನಿ, ಗಿರಿಯಪ್ಪ ಇಷ್ಟು ವರ್ಷ ಸಿಮ್ರಾನಳ ಮನ್ಯಾಗ ಇದ್ದ ನೋಡ್ರಿ,” ಎಂದ ಅಜ್ಜಪ್ಪ, ಗುತ್ತೆವ್ವನ ಕಡೆ ತಿರುಗಿ.

“ಇರ್ಲಿ ಬಿಡ್ರಿ. ಚಂದಾಗಿ ಇಟಗೊಂಡಾಳ.”

ಅಸ್ಲಮ್ ಅದರ ಪ್ರತಿಯನ್ನು ಶೀಲಾಳ ಫೋನಿಗೂ ಎರಡು ಪೆನ್‌ಡ್ರೈವಿಗೂ ಹಾಕಿಕೊಟ್ಟ. ದಿನದ ಕೆಲಸಕ್ಕೆ ಬೇಕಾದ ಕೆಲವೇ ಫಾಂಟುಗಳನ್ನು ಒಳಗೆ ಬಿಟ್ಟು, ಉಳಿದವನ್ನು ಅಟ್ಟದ ಮೇಲಿನ ಕೇಸಿನಂತೆ ಹೊರಗಿನ ಡಿಸ್ಕಿನಲ್ಲಿ ಇಟ್ಟ.

ಮೊದಲ ಪತ್ರಿಕೆ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂತು. ಗುತ್ತೆವ್ವ ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಅಜ್ಜಪ್ಪನ ಕೈಗೆ ಕೊಟ್ಟಳು. ಅವನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಖರೇ ಅದ ಐತಿ. ಆದ್ರ ನನ್ನ ಪತ್ರಿಕ್ಯಾಗಿನ ಶ್ರೀ ಇನ್ನೂ ಕಪ್ಪಿತ್ತು. ಹಿಂದಿನ ಹಾಳಿಗೂ ಮಸಿ ಹತ್ತಿತ್ತು.”

“ಹತ್ತದ ಏನ್ ಮಾಡ್ತೈತಿ,” ಎಂದಳು ಗುತ್ತೆವ್ವ, ಮುಂದಿನ ಪತ್ರಿಕೆಯನ್ನು ಮಡಚುತ್ತ. “ಆವತ್ತ ಮಸಿ ಹಚ್ಚಿದಾಕಿ ನಾನ. ಲಗ್ನ ಆಗಿ ಬಂದು ಇನ್ನೂ ಕೈಯಾಗಿನ ಮದರಂಗಿ ಹೋಗಿದ್ದಿಲ್ಲ. ಯಂತ್ರದ ಆಚಿ ಕಡೆ ಅವರು ನಿಂತಿದ್ರು. ನನ್ನ ಲಕ್ಷ್ಯ ಮಸಿ ಮ್ಯಾಲೆ ಎಲ್ಲಿತ್ತು?”