ಗೋದತ್ತೆಗೆ ಇಟ್ಟ ಜರ್ಮನ್ ಹೆಸರು

ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಿದ್ದರೆ ಇವತ್ತಿಗೂ ನಾನು ಎದ್ದು ಹೊರಗೆ ಹೋಗುತ್ತೇನೆ. ಭಾತಂಬ್ರಾದ ನಮ್ಮ ಮನೆಯಲ್ಲಿ ಅದು ಕಾಕಾನ ಸಂದೂಕಿನ ವಾಸನೆ. ನಿಜಾಮ ಸರಕಾರದ ಖರ್ಚಿನಲ್ಲಿ ಜರ್ಮನಿಗೆ ಹೋಗಿ ಓದಿ ಬಂದಿದ್ದ ಕಾಕಾ ಅದರಲ್ಲಿ ಜರ್ಮನ್ ಪುಸ್ತಕಗಳನ್ನು ತುಂಬಿಟ್ಟಿದ್ದ. ಅವನ ಅಕ್ಕ ಗೋದತ್ತೆ, ಸೀಳುತುಟಿಯ ವಿಧವೆ, ಮೂರು ಹೊತ್ತೂ ಜೋಳದ ರೊಟ್ಟಿ ಬಡಿದು ನಮ್ಮೆಲ್ಲರ ಹೊಟ್ಟೆ ತುಂಬಿಸುತ್ತಿದ್ದಳು. ಅವಳು ಬಡಿಸಲು ಬಂದಾಗಲೆಲ್ಲ ಕಾಕಾ, "ಬಂತು ನೋಡ್ರಿ ನಮ್ಮ ಮನಿ ಫಾಬೆಲ್‌ವೇಜನ್," ಅನ್ನುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವಳೂ ತುಟಿಗೆ ಸೆರಗಿಟ್ಟುಕೊಂಡು ನಗುತ್ತಿದ್ದಳು. ವಿಲಾಯತಿ ಮಾತು, ದೊಡ್ಡ ಗೌರವದ್ದೇ ಇರಬೇಕೆಂದು ಓಣಿಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು, ಪಾಪ.

ಆ ಸುಖವನ್ನೂ ಕಿತ್ತುಕೊಂಡವಳು ನಾನು. ಕಾಕಾನ ಮುದ್ದಿನ ಶಿಷ್ಯೆ, ಒಂಬತ್ತರ ಹುಡುಗಿ, ಒಲೆಯ ಮುಂದೆ ಕೂತು ಪಾಠ ಒಪ್ಪಿಸಿದೆ: "ಅತ್ತಿ, ಅದು ಎರಡು ಮಾತು ಕೂಡಿ ಆಗ್ಯಾದ. ಫಾಬೆಲ್ ಅಂದ್ರ ಕಥಿ, ವೇಜನ್ ಅಂದ್ರ ಇರೋದು. ರೆಕ್ಕಿ ಕುದರಿ, ಎರಡು ತಲಿ ಹಕ್ಕಿ, ಬರೇ ಕಥ್ಯಾಗ ಇರ್ತಾವಲ್ಲ, ಅಂಥಾದ್ದು ನೀ." ಅವಳ ಕೈ ನಿಲ್ಲಲಿಲ್ಲ. "ಹಂಗಾದ್ರ ಈ ರೊಟ್ಟಿ ಯಾರು ಬಡೀಲತ್ತಾರವ್ವ?" ಅಂದಳಷ್ಟೇ. ಅವತ್ತಿನಿಂದ ಬಡಿಸುವಾಗ ಅವಳು ನಗಲಿಲ್ಲ.

ರಜಾಕಾರರ ಹಾವಳಿಗೆ ಹೆದರಿ, ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೊರಟ ಬೆಳಗ್ಗೆ ಬಂಡಿಯಲ್ಲಿ ಒಬ್ಬರಿಗೆ ಜಾಗ ಸಾಲಲಿಲ್ಲ. ಸಂದೂಕು ಇಳಿಸಿದ್ದರೆ ಸಾಲುತ್ತಿತ್ತು. "ಅಕ್ಕ ಮನಿ ಕಾಯ್ತಾಳ. ಇಕಿ ಮಾರಿ ನೋಡಿದ್ರ ರಜಾಕಾರರೇ ಓಡ್ತಾರ," ಅಂದ ಕಾಕಾ. ಅಪ್ಪ ಎತ್ತುಗಳ ಕಣ್ಣಿ ಬಿಗಿದ. ಗೋದತ್ತೆ ರೊಟ್ಟಿಯ ಗಂಟನ್ನು ನನ್ನ ಮಡಿಲಲ್ಲಿಟ್ಟು ಮೆಲ್ಲಗೆ, "ನೀ ಒಂದು ಮಾತು ಹೇಳವ್ವ. ನಿನ್ನ ಮಾತು ಅಂವ ಕೇಳ್ತಾನ," ಅಂದಳು. ನಾನು ಕೂತದ್ದು ಆ ಸಂದೂಕಿನ ಮೇಲೆಯೇ. ನನ್ನನ್ನೇ ಇಳಿಸಿಬಿಟ್ಟಾರೆಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು ಮರಳಿದಾಗ ಮನೆಯ ಕದ ಮುರಿದಿತ್ತು, ಒಲೆಯ ಪಕ್ಕ ರೊಟ್ಟಿ ಬೇಯಿಸುವ ಹಂಚು ಬೋರಲು ಬಿದ್ದಿತ್ತು, ಅವಳಿರಲಿಲ್ಲ. ಯಾರೂ ಹುಡುಕಲಿಲ್ಲ. ಶ್ರಾದ್ಧವನ್ನೂ ಮಾಡಲಿಲ್ಲ. ನಾನು ಹೆಸರೆತ್ತಿದರೆ ಕಾಕಾ, "ಯಾರ ಸುದ್ದಿ ತೆಗೀತಿ, ಉಣ್ಣು ಸುಮ್ನ," ಅನ್ನುತ್ತಿದ್ದ. ಅಂಥವಳೊಬ್ಬಳು ಇದ್ದಳೆಂಬುದನ್ನೇ ನಮ್ಮ ಮನೆ ನುಂಗಿ ನೀರು ಕುಡಿಯಿತು. ನಿಮ್ಮ ಮನೆಗಳಲ್ಲೂ ಇಂಥ ಒಬ್ಬಳು ಇದ್ದಿರಬೇಕು, ನೆನಪು ಮಾಡಿಕೊಳ್ಳಿ.

ಕಾಕಾ ಸತ್ತ ಮೇಲೆ ಸಂದೂಕು ನನಗೆ ಬಂತು. ಮೊನ್ನೆ ಅದರೊಳಗಿನ ದಪ್ಪ ನಿಘಂಟು ತೆಗೆದು ನೋಡಿದೆ. ಫಾಬೆಲ್ ಎಂಬುದರ ಬೇರು ಲ್ಯಾಟಿನ್ನಿನಲ್ಲಿದೆಯಂತೆ. ಅಲ್ಲಿ ಅದರ ಅರ್ಥ ಮಾತಾಡುವುದು. ಇದೊಂದನ್ನು ಕಾಕಾ ಕಲಿಸಿರಲಿಲ್ಲ. ಎಂಬತ್ತು ದಾಟಿದ ಮೇಲೆ ಈಗ ಗೋದತ್ತೆಯ ಬಗ್ಗೆ ಇಷ್ಟೆಲ್ಲ ಮಾತಾಡುತ್ತಿದ್ದೇನೆ. ಆ ಬೆಳಗ್ಗೆ ಅವಳು ಕೇಳಿದ್ದು ಒಂದೇ ಮಾತು.