ಹಿಂದಕ್ಕೆ ತೆಗೆದುಕೊಂಡ ಡಂಗುರ

ಈಗ ಹಂಪಸಾಗರದಲ್ಲಿ ಏನೇ ಸಾರಬೇಕಿದ್ದರೂ ಕಸದ ಗಾಡಿಯ ಮೈಕೇ ಒದರುತ್ತದೆ. ಅದು ಹಾದುಹೋದಾಗಲೆಲ್ಲ ಮೈಲಪ್ಪ ಕಟ್ಟೆಯ ಮೇಲೆ ಕೂತು, "ಏನಂತು, ಯಾರಿಗರ ತಿಳೀತೇನಪಾ?" ಎಂದು ಗೊಣಗುತ್ತಾನೆ. ಮೂವತ್ತು ವರ್ಷ ಹಲಗೆ ಬಡಿದು ಡಂಗುರ ಸಾರಿದವನಿಗೆ ಅಷ್ಟು ಸಿಟ್ಟಿರಬಾರದೇ!

ಅವನಿಗೆ ಕೊರೊನಾದ ಆ ಬೇಸಿಗೆ ನೆನಪಾಗುತ್ತದೆ. ಎಂಥ ಕಾಲ ಅದು! ಬಾಗಿಲು ಹಾಕಿಕೊಂಡಿದ್ದ ಊರಿಗೆ ಊರೇ ಅವನ ಹಲಗೆಯ ಸದ್ದಿಗೆ ಕಿಟಕಿ ತೆರೆಯುತ್ತಿತ್ತು. ವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಗುರುಬಸವರಾಜ ಮೇಷ್ಟ್ರು ಮೊಬೈಲಿನಲ್ಲಿ ಓದಿದ್ದನ್ನು ದಿನಾ ಅವನಿಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದರು. ಒಂದು ದಿನ ಅವರು ಹಿಗ್ಗಿ ಹೀರೇಕಾಯಿಯಾಗಿ ಬಂದರು.

"ದೊಡ್ಡ ದೊಡ್ಡ ಸಂಶೋಧಕರು ಬರ್ದಾರ ಮೈಲಪ್ಪ! ಈ ಗುಳಿಗಿ ನುಂಗಿದ್ರ ರೋಗ ಹತ್ರಾನೂ ಸುಳಿಯಂಗಿಲ್ಲಂತ!"

ಮೈಲಪ್ಪ ಓಣಿ ಓಣಿ ಸಾರಿದ. ಎರಡೇ ದಿನದಲ್ಲಿ ಹಗರಿಬೊಮ್ಮನಹಳ್ಳಿಯ ಅಂಗಡಿಗಳಲ್ಲಿ ಆ ಗುಳಿಗೆ ಖಾಲಿ.

ಹದಿನೈದು ದಿನಕ್ಕೆ ಮೇಷ್ಟ್ರು ಮೋರೆ ಇಳಿಬಿಟ್ಟುಕೊಂಡು ಬಂದರು. "ಆ ಲೇಖನ ಅವಸರದಾಗ ಬರ್ದಿದ್ದಂತ. ಅಂಕಿ-ಅಂಶನ ಸರಿ ಇಲ್ಲಂತ. ಬರ್ದೋರೇ ಅದನ್ನ ಹಿಂದಕ್ಕ ತಗೊಂಡಾರ. ಆ ಗುಳಿಗಿ ಎದಿ ಬಡಿತ ಕೆಡಿಸ್ತೈತಂತ. ಬ್ಯಾರೇದವ್ರು ಪರೀಕ್ಷಾ ಮಾಡೋ ಮಟ ನಾ ತಡೀಬೇಕಿತ್ತು. ಇನ್ನೊಮ್ಮಿ ಸಾರೋ."

"ಉಗುಳಿದ್ದು ನುಂಗು ಅಂತೀರೇನ್ರಿ ಸಾರ್? ನನ್ನ ಹಲಗಿ ಸುಳ್ಳಾಡ್ತು ಅಂದ್ರ ನಾಳಿ ಯಾವ ನಾಯಿ ಕೇಳ್ತೈತಿ?"

ಮೂವತ್ತು ವರ್ಷದಲ್ಲಿ ಅವನು ಗಳಿಸಿದ್ದು ಊರಿನ ಆ ನಂಬಿಕೆಯೊಂದನ್ನೇ.

"ಮಂದಿ ಇನ್ನೂ ಆ ಗುಳಿಗಿ ನುಂಗಾಕ ಹತ್ಯಾರೋ," ಎಂದರು ಮೇಷ್ಟ್ರು.

ಮೈಲಪ್ಪನಿಗೆ ಬಾಲ್ಯದ ಗೆಳೆಯ, ಕುರಿ ಕಾಯುವ ಜಂಬಣ್ಣ ನೆನಪಾದ. ಮೊದಲೇ ಎದೆನೋವಿನ ಮನುಷ್ಯ! ಹಲಗೆ ಎತ್ತಿಕೊಂಡು ಓಡಿದ.

"ಕೇಳ್ರಪೋ ಕೇಳ್ರಿ! ನಾ ಸಾರಿದ್ದು ತಪ್ಪೈತಿ! ಗುಳಿಗಿ ಬಿಡ್ರೀ!"

ಅದೇ ಓಣಿಗಳು, ಅದೇ ಕಿಟಕಿಗಳು. ಅವಮಾನದಿಂದ ದನಿ ಒಡೆದಿತ್ತು. ಜಂಬಣ್ಣ ಗುಳಿಗೆಗಳನ್ನು ತಿಪ್ಪೆಗೆ ಎಸೆದು, "ನಾಳಿ ಏನ್ ಸಾರ್ತೀಲೇ, ಅದನ್ನೂ ತಪ್ಪು ಅಂತೀಯೋ?" ಎಂದು ನಕ್ಕ. ಅಂದೇ ಮೈಲಪ್ಪ ಹಲಗೆಯನ್ನು ಗೂಟಕ್ಕೆ ನೇತುಹಾಕಿದ.

ಮರುವರ್ಷ ಲಸಿಕೆ ಬಂತು. ಹಾಕಿಸಿಕೊಂಡರೆ ಸಾಯುತ್ತಾರೆಂದು ಮೊಬೈಲಿನಲ್ಲಿ ಸುದ್ದಿಯೋ ಸುದ್ದಿ. ಶಾಲೆಯಲ್ಲಿ ನರ್ಸಮ್ಮ ಒಬ್ಬಳೇ ಕೂತಿದ್ದಳು. "ಈ ಸಲ ನಾಕು ಕಡಿ ನೋಡೀನಿ, ಸಾವಿರಾರು ಮಂದಿ ಮ್ಯಾಲ ಪರೀಕ್ಷಾ ಆಗೇತಿ," ಎಂದು ಮೇಷ್ಟ್ರು ಗೋಗರೆದರು. ಮೈಲಪ್ಪ ಅಳುಕುತ್ತಲೇ ಹಲಗೆ ಬಡಿದ. ಒಂದು ಬಾಗಿಲೂ ತೆರೆಯಲಿಲ್ಲ. ಮುಗಿಯಿತು ತನ್ನ ಮಾತಿನ ಬೆಲೆ ಎಂದುಕೊಂಡ.

ಅಷ್ಟರಲ್ಲಿ ಜಂಬಣ್ಣ ಕಂಬಳಿ ಹೊದ್ದು ಹೊರಬಂದ. ಓಣಿಗೆಲ್ಲ ಕೇಳುವಂತೆ ಕೂಗಿದ:

"ಬರ್ರಲೇ! ತಪ್ಪಾದ್ರ ಈ ನನ್ಮಗ ತಾನ ಬಂದು ಹೇಳ್ತಾನ. ನಿಮ್ಮ ಮೊಬೈಲ್ ಹೇಳ್ತೈತೇನು?"

ಮಧ್ಯಾಹ್ನದ ಹೊತ್ತಿಗೆ ಸಾಲು ಶಾಲೆಯ ಗೇಟು ದಾಟಿತ್ತು. ಅದರ ಕೊನೆಯಲ್ಲಿ ನಿಂತ ಮೈಲಪ್ಪ ಯಾರಿಗೂ ನಾಚದೆ ಅಳುತ್ತಿದ್ದ.