ನಾನು ತೆಗೆದ ಫೋಟೋ

ಇವತ್ತು ಬೆಳಿಗ್ಗೆ ನಲ್ಲಿಗೆ ನೀರು ಬರಲಿಲ್ಲ. ಮುಸುರೆ ಪಾತ್ರೆಗಳು ಸಿಂಕಿನಲ್ಲಿ ಹಾಗೇ ಬಿದ್ದಿದ್ದವು. ಹಾಲು ಕಾಯಿಸಿ, ಇವರಿಗೆ ರೊಟ್ಟಿ ಪಲ್ಯ, ಮಗಳಿಗೆ ಉಪ್ಪಿಟ್ಟು ಡಬ್ಬಿಗೆ ತುಂಬಿ ಕಳಿಸಿದ ಮೇಲೆ ಮಜ್ಜಿಗೆ ಮಾಡಲು ಒಂದು ಪಾತ್ರೆಯೂ ಉಳಿದಿರಲಿಲ್ಲ. ಅಟ್ಟದ ಮೇಲಿಂದ ಅವ್ವ ಕೊಟ್ಟ ಹಿತ್ತಾಳೆ ಬೋಗುಣಿ ಇಳಿಸಿ, ಒರೆಸಿ, ಅದರಲ್ಲೇ ಕಡೆದಿಟ್ಟೆ. ಮಧ್ಯಾಹ್ನ ಮುಚ್ಚಳ ತೆಗೆದರೆ ಕಿಲುಬಿನ ನಾತ. ಒಳಗಿನ ಕಲಾಯಿ ಪೂರಾ ಹೋಗಿತ್ತು, ಮಜ್ಜಿಗೆಯ ಅಂಚಿಗೆ ತೆಳು ಹಸಿರು ಕೂತಿತ್ತು. ಎಲ್ಲ ಚೆಲ್ಲಿ, ಬೋಗುಣಿಯನ್ನು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಬೋರಲು ಹಾಕಿದೆ. ಹಾಕಿದ ಮೇಲೆ, ಯಾವ ಮೆಟ್ಟಿಲ ಮೇಲೆ ಹಾಕಿದೆ ಅನ್ನೋದು ನೆನಪಾಯಿತು...

ಕಲಾಯಿ ಚಾಚಾ ಕೂರುತ್ತಿದ್ದದ್ದು ಅಲ್ಲೇ. ಹಬ್ಬ ಹತ್ತಿರ ಬಂತೆಂದರೆ ಔರಾದಿನ ಬಸ್ಸಿಳಿದು, ಹೆಗಲ ಮೇಲೆ ಗೋಣಿಚೀಲ ಹಾಕಿಕೊಂಡು, ಬೀದರಿನ ನಮ್ಮ ಓಣಿಗೆ ಬರುತ್ತಿದ್ದರು. ಚೀಲದಲ್ಲಿ ತಿದಿ, ಇದ್ದಿಲು, ತವರದ ಕಡ್ಡಿ, ನವಸಾಗರದ ಪೊಟ್ಟಣ. ಕಾದ ಪಾತ್ರೆಗೆ ನವಸಾಗರ ಚಿಮುಕಿಸಿದಾಗ ಏಳುವ ಬಿಳಿ ಹೊಗೆಗೆ ನಾವು ಸೆರಗು ಮೂಗಿಗೆ ಹಿಡಿದರೆ ಅವರು ನಗುತ್ತಿದ್ದರು. ತವರ ಮುಟ್ಟಿಸಿ, ಅರಳೆಯಿಂದ ಒಂದೇ ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿ. ನೀರಲ್ಲಿ ಅದ್ದಿ ತಣಿಸಿದ ಪಾತ್ರೆಯನ್ನು ಮೊದಲು ಮಗಳ ಮುಖಕ್ಕೆ ಹಿಡಿಯುತ್ತಿದ್ದರು. ಆಗ ಅವಳಿಗೆ ಐದು ವರ್ಷ.

"ನೋಡ್ ಬೇಟಿ, ಒಳಗ ಯಾರ್ ಕುಂತಾರ?"

"ಮಂಗ್ಯಾ!"

"ಮಂಗ್ಯಾ ಅಲ್ಲ, ಕಲೆಕ್ಟರ್ ಸಾಹೇಬರು. ಸಲಾಮ್ ಮಾಡು."

ಆ ವರ್ಷ ಇವರು ನನಗೆ ಹೊಸ ಮೊಬೈಲ್ ಕೊಡಿಸಿದ್ದರು. ಕಂಡದ್ದೆಲ್ಲ ಫೋಟೋ ತೆಗೆಯುವ ಹುಚ್ಚು. ಇದನ್ನೂ ತೆಗೆದೆ. ಬೋಗುಣಿಯೊಳಗೆ ಬಗ್ಗಿ ನೋಡುತ್ತಿರುವ ಮಗಳ ಬೆನ್ನು, ಎರಡು ಜಡೆ, ನಾನೇ ಹೊಲಿದ ಹಳದಿ ಫ್ರಾಕು. ಎದುರಿಗೆ ಚಾಚಾನ ನಗುವ ಮುಖ, ಪಕ್ಕದಲ್ಲಿ ಬಾಯಿ ತೆರೆದ ಗೋಣಿಚೀಲ, ಹಿಂದೆ ನಮ್ಮ ನೀಲಿ ಬಾಗಿಲು. "ಕಲಾಯಿ ಚಾಚಾ ಬಂದಾರ, ಪಾತ್ರಿ ತರ್ರಿ" ಎಂದು ಬರೆದು ಓಣಿಯ ಹೆಣ್ಣುಮಕ್ಕಳ ಗ್ರೂಪಿಗೆ ಹಾಕಿದೆ. ಸಾಲಾಗಿ ಕೆಂಪು ಹೃದಯಗಳು ಬಂದವು.

ಎರಡು ತಿಂಗಳಿಗೆ ಅದೇ ಫೋಟೋ ನನಗೇ ತಿರುಗಿ ಬಂತು. ಕಳಿಸಿದ್ದು ಭಾಲ್ಕಿಯ ಚಿಕ್ಕಮ್ಮ. ಯಾರೋ ಅಂಚು ಕತ್ತರಿಸಿ, ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದರು: ಮಕ್ಕಳ ಕಳ್ಳ, ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ, ಎಲ್ಲರಿಗೂ ಕಳಿಸಿ. ಕೆಳಗೆ ಚಿಕ್ಕಮ್ಮ ತಾನೇ ಸೇರಿಸಿದ್ದಳು, "ಕೂಸಿನ್ನ ಹೊರಗ ಬಿಡಬ್ಯಾಡ." ಆ ಕೂಸಿನ ಜಡೆಗೆ ರಿಬ್ಬನ್ ಕಟ್ಟಿದವಳು ನಾನು... ಸಂಜೆಯೊಳಗೆ ಅದು ಓಣಿಯ ಗ್ರೂಪಿಗೂ ಬಂತು. "ಹುಷಾರ್ ಇರ್ರಿ" ಎಂದು ಒಬ್ಬೊಬ್ಬರೇ ಬರೆದರು. ಎರಡು ತಿಂಗಳ ಹಿಂದೆ ನಾನು ಹಾಕಿದ್ದು ಯಾರಿಗೂ ನೆನಪಿಲ್ಲ, ಬಾಗಿಲೂ ಅರ್ಧವೇ ಉಳಿದಿದೆ, ಗುರುತು ಸಿಕ್ಕಿಲ್ಲ ಅಂದುಕೊಂಡೆ.

ಇವರಿಗೆ ತೋರಿಸಿದೆ. "ಸುಮ್ಮ ಕೂಡು," ಅಂದರು. "ಯಾರ್ ತೆಗೆದ್ರು ಅಂತ ಕೇಳ್ಕೋತ ನಾಳಿ ಮನಿಗಿ ಬಂದ್ರ ಏನ್ ಹೇಳ್ತಿ?"

ನಾಲ್ಕನೇ ದಿನ ಚಾಚಾ ಬಂದರು. ಹೆಗಲ ಮೇಲೆ ಚೀಲವಿರಲಿಲ್ಲ. ಬಸ್ಸಿನಲ್ಲಿ ಯಾರೋ ಅವರ ಫೋಟೋ ಅವರಿಗೇ ತೋರಿಸಿ ಕೆಳಗಿಳಿಸಿದ್ದರಂತೆ. ಒಳಗೆ ಬರ್ರಿ ಅಂದರೂ ಬರಲಿಲ್ಲ.

"ನನಗ ಓದಲಿಕ್ಕೆ ಬರಲ್ಲ ಬೇಟಿ. ಆದ್ರ ಬಾಗಿಲಾ ನಿಮ್ದು, ಕೂಸು ನಿಮ್ದು. ನೀವು ಬರದ್ರ ಜನ ನಂಬ್ತಾರ. ಇಂವ ಕಲಾಯಿ ಹಾಕಾಂವ, ಅಷ್ಟೇ ಬರೀರಿ, ಸಾಕು."

ಫೋಟೋ ಯಾರು ತೆಗೆದರು ಅಂತ ಅವರು ಕೇಳಲೇ ಇಲ್ಲ.

"ಬರೀತೇನಿ ಚಾಚಾ."

"ಇವತ್ತೇ ಬರೀರಿ. ನಾಡಿದ್ದು ಭಾಲ್ಕಿ ಕಡಿ ಹೋಗಬೇಕು. ಮನ್ಯಾಗ ಕುಂತ್ರ ಒಲಿ ಹತ್ತಲ್ಲ."

ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಕಿಟಕಿ ಗಾಜು ಒಡೆದರೆ ಸಿಸ್ಟರ್ "ಯಾರು?" ಅನ್ನುವ ಮೊದಲೇ ಎದ್ದು ನಿಲ್ಲುತ್ತಿದ್ದವಳು ನಾನು. ಒಮ್ಮೆ ನಾನು ಒಡೆಯದಿದ್ದ ಗಾಜಿಗೂ ನಿಂತಿದ್ದೆ. ಚಾಚಾ ಹೋದ ಮೇಲೆ ಬರೆದೆ, ಪೂರಾ ಬರೆದೆ. ಇದು ನಮ್ಮ ಬಾಗಿಲು, ಅವಳು ನನ್ನ ಮಗಳು, ಫೋಟೋ ತೆಗೆದವಳು ನಾನು. ಕಳಿಸಬೇಕು, ಅಷ್ಟರಲ್ಲಿ ಗ್ರೂಪಿನಲ್ಲಿ ಯಾರೋ ಹಾಕಿದರು, "ಇಂಥಾವ್ರ ಪರ ಮಾತಾಡೋರ್ನೂ ಬಿಡಬಾರ್ದು." ಹೆಬ್ಬೆರಳು ಅಲ್ಲೇ ನಿಂತಿತು. ಒಂದೊಂದೇ ಅಕ್ಷರ ಅಳಿಸಿದೆ. ನಾಳೆ ಕಳಿಸೋಣ ಅಂದುಕೊಂಡೆ. ಮರುದಿನ ಮಗಳಿಗೆ ಜ್ವರ ಬಂತು...

ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ಜನ ಚಾಚಾನನ್ನು ಹಿಡಿದರು. ಮೊಬೈಲು ಮುಖದ ಪಕ್ಕ ಹಿಡಿದು ತಾಳೆ ನೋಡಿದರಂತೆ. ಚೀಲ ಸುರುವಿದಾಗ ತಿದಿ, ಇದ್ದಿಲು, ತವರ ಬಿದ್ದವು. ಅದನ್ನು ಕಂಡ ಮೇಲೂ ಹೊಡೆತ ನಿಲ್ಲಲಿಲ್ಲ. ಇದನ್ನೆಲ್ಲ ಹೇಳಿದವಳು ಔರಾದಿನಿಂದ ಬರುವ ಬಳೆಗಾರ್ತಿ, ಚಾಚಾನ ಓಣಿಯವಳೇ. ಜೀವ ಉಳಿದಿತ್ತು, ಮುರಿದ ಬಲಗೈ ಕೂಡಲಿಲ್ಲ. ರೊಟ್ಟಿ ಮುರಿಯಲೂ ಆಗದೆ ಹೆಂಡತಿ ತುತ್ತು ಕೊಡುತ್ತಿದ್ದಳಂತೆ. ಎರಡು ವರ್ಷ ಹಾಗೇ ಇದ್ದು ತೀರಿಕೊಂಡರು. ನಾನು ಒಮ್ಮೆಯೂ ಔರಾದಿಗೆ ಹೋಗಲಿಲ್ಲ. ಬಸ್ಸಿಗೆ ಎಷ್ಟು ಮಹಾ ಹೊತ್ತಿನ ದಾರಿ ಅದು...

ಮಗಳಿಗೆ ಅವರ ಮುಖ ನೆನಪಿಲ್ಲ. ಮೊನ್ನೆ ತಲೆ ಬಾಚುವಾಗ ಮಾತ್ರ ಕೇಳಿದಳು, "ಮಮ್ಮಿ, ನನಗ ಕಲೆಕ್ಟರ್ ಸಾಹೇಬರು ಅಂತಿದ್ದೋರು ಯಾರು?"

ಸಂಜೆ ನೀರು ಬಂತು. ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಬೋಗುಣಿ ತಿಕ್ಕುತ್ತಿದ್ದೆ. ಎದುರುಮನೆಯ ಅಕ್ಕ ಮೊಬೈಲಿನ ಮೇಲೆ ಕಣ್ಣಿಟ್ಟುಕೊಂಡೇ ಬಂದು ನಿಂತಳು.

"ಎಷ್ಟ್ ತಿಕ್ಕಿದ್ರೂ ಅಷ್ಟೇ ತಂಗಿ, ಗುಜರಿಗಿ ಹಾಕು. ಕಲಾಯಿಯವ್ರು ಈಗೆಲ್ಲಿ ಬರ್ತಾರ? ಒಬ್ಬಾಂವ ಬರ್ತಿದ್ದ ನೋಡು, ಆ ಮಕ್ಕಳ ಕಳ್ಳ..."

ನನ್ನ ಕೈ ನಿಂತಿತು. ಎಂಟು ವರ್ಷ ಒಳಗಿಟ್ಟುಕೊಂಡ ಮಾತು ತಾನಾಗಿ ಹೊರಬಂತು.

"ಅವ್ರು ಕಳ್ಳ ಅಲ್ಲಕ್ಕ. ಆ ಫೋಟೋದಾಗಿನ ಕೂಸು ನಮ್ದು. ತೆಗದಾಕಿ ನಾನು."

ಅಕ್ಕ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಅದು ಎಲ್ಲಾರಿಗೂ ಗೊತ್ತಿತ್ತಲ್ಲ ತಂಗಿ. ನಿಮ್ಮ ನೀಲಿ ಬಾಗಿಲಾ ನಮಗ ಗುರ್ತು ಸಿಗಲ್ಲೇನು? ಹುಣಸಿಹಣ್ಣಿಗಿ ಚೂರು ಉಪ್ಪ ಹಾಕ್ಕೋ, ಕಿಲುಬು ಛಂದ ಹೋಗ್ತದ."